ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಆ ಹಾಳೆಯನ್ನು ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡಿದ್ದಾರೆ. ನಾಲ್ಕು ಮಡಿಕೆ; ಮಡಿಕೆ ಹರಿದಲ್ಲಿ ಸೆಲ್ಲೋಟೇಪು, ಆ ಟೇಪೂ ಹಳದಿಗಟ್ಟಿದೆ. ಬಿಚ್ಚಿದರೆ ಒಳಗಿರುವುದು ಅಭಿನಯ ಗೀತೆ ಸ್ಪರ್ಧೆಯ ಒಂದು ಹಳೆಯ ಅಂಕಪಟ್ಟಿ. ಮಕ್ಕಳ ಹೆಸರಿಲ್ಲ, ಶಾಲೆಯ ಹೆಸರಿಲ್ಲ. ನಾಲ್ಕು ಕೋಡ್ ನಂಬರು, ಮೂವರು ತೀರ್ಪುಗಾರರ ಮೂರು ಕಾಲಂ, ಕೊನೆಗೊಂದು ‘ಒಟ್ಟು’. ನೀಲಿ ಇಂಕಿನ ಆ ಒಟ್ಟಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಲೆಕ್ಕವಿದೆ. ನೀಲಿ ಲೆಕ್ಕದಲ್ಲಿ ಗೆದ್ದ ಮಗು ಒಂದು, ಪೆನ್ಸಿಲ್ ಲೆಕ್ಕದಲ್ಲಿ ಗೆದ್ದ ಮಗು ಇನ್ನೊಂದು. ಯಾರೂ ಮೋಸ ಮಾಡಿರಲಿಲ್ಲ. ಕೂಡುವುದರಲ್ಲೂ ತಪ್ಪಿರಲಿಲ್ಲ.

‘ಮೂವರೂ ದೇವರಂಥವರು ಸ್ವಾಮಿ. ಅದೇ ಕಷ್ಟ’ ಎನ್ನುತ್ತಾರೆ ಮೇಷ್ಟ್ರು.

ಈ ಮಾತು ನಡೆದದ್ದು ಮಲೆನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಜಗಲಿಯಲ್ಲಿ, ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಯ ಬೆಳಿಗ್ಗೆ. ಹಿಂದಿನ ರಾತ್ರಿ ಹೊಯ್ದ ಮಳೆಗೆ ಶಾಮಿಯಾನದ ಹೊಟ್ಟೆ ಜೋತುಬಿದ್ದಿತ್ತು. ಒಂದು ಕೋಣೆಯಲ್ಲಿ ಕಂಠಪಾಠ, ಗೋಡೆಯಾಚೆ ಧಾರ್ಮಿಕ ಪಠಣ, ಬಿಸಿಯೂಟದ ಕೋಣೆಯ ಹಿಂದೆ ಮಣ್ಣಿನ ಮಾದರಿ. ಛದ್ಮವೇಷಕ್ಕೆ ಬಂದಿದ್ದ ಇಬ್ಬರು ಒನಕೆ ಓಬವ್ವಂದಿರು ಇದ್ದೊಂದು ಒನಕೆಗಾಗಿ ಜಗ್ಗಾಡುತ್ತಿದ್ದರು. ಮೈತುಂಬ ಸೊಪ್ಪು ಕಟ್ಟಿಕೊಂಡು ಮರವಾಗಿದ್ದ ಹುಡುಗನಿಗೆ ಅವಸರವಾಗಿ, ಅವನ ತಾಯಿ ಗೊಣಗುತ್ತ ಸೊಪ್ಪು ಬಿಚ್ಚುತ್ತಿದ್ದರು. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಮೊಬೈಲನ್ನು ಕಿವಿಗೆ ಒತ್ತಿಕೊಂಡೇ ಮೂರು ಕೋಣೆ ಸುತ್ತುತ್ತಿದ್ದರು: ಅಭಿನಯ ಗೀತೆಗೆ ಬರಬೇಕಿದ್ದ ತೀರ್ಪುಗಾರರೊಬ್ಬರಿಗೆ ಬಸ್ಸು ತಪ್ಪಿದೆ. ಕಥೆ ಹೇಳುವ ಸ್ಪರ್ಧೆಗೆಂದು ಬಂದಿರುವ ಮೇಡಂ ಅವರನ್ನೇ ಅಲ್ಲಿಗೆ ಕೂರಿಸಬಹುದಿತ್ತು. ಆದರೆ ಅವರ ಶಾಲೆಯ ಮಗುವೂ ಹಾಡುತ್ತಿದೆಯಲ್ಲ!

ಈ ಗದ್ದಲ ಗೊತ್ತಿಲ್ಲದ ಮನೆ ಕರ್ನಾಟಕದಲ್ಲಿ ಕಡಿಮೆ. ಶಿಕ್ಷಣ ಇಲಾಖೆ 2001-02ರಲ್ಲಿ ಶುರುಮಾಡಿದ ಪ್ರತಿಭಾ ಕಾರಂಜಿ ಕ್ಲಸ್ಟರು, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುತ್ತದೆ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹೋಗುವುದು ಮೊದಲ ಸ್ಥಾನ. ಎರಡನೆಯವರಿಗೆ ಪ್ರಶಸ್ತಿ ಪತ್ರ, ಫೋಟೊ, ಮನೆ. ಹೀಗಾಗಿ ಕ್ಲಸ್ಟರಿನ ಒಂದು ಅಂಕದ ಮುಂದೆ ತಾಲ್ಲೂಕು, ಜಿಲ್ಲೆಯೆಲ್ಲ ನಿಂತಿರುತ್ತದೆ. ಪೋಷಕರು ಜಗಳಕ್ಕೆ ಬರುವುದೂ ಅದಕ್ಕೇ. ಜಗಳದ ವಸ್ತು ಮಾತ್ರ ವರ್ಷವರ್ಷವೂ ಒಂದೇ: ತೀರ್ಪುಗಾರರು ಯಾರ ಕಡೆಯವರು? ಪರಿಹಾರವೂ ಒಂದೇ: ಪ್ರಾಮಾಣಿಕರನ್ನು ಕರೆಸಿ.

ಮೇಷ್ಟ್ರ ಹಾಳೆಯ ಸ್ವಾರಸ್ಯವಿರುವುದು ಇಲ್ಲೇ. ಅದರಲ್ಲಿ ಎಲ್ಲರೂ ಪ್ರಾಮಾಣಿಕರು.

ಅಂಕ ತಲಾ 50ಕ್ಕೆ. ಮೊದಲ ತೀರ್ಪುಗಾರರು ಕೋಡ್ 3ಕ್ಕೆ 45, 7ಕ್ಕೆ 44, 5ಕ್ಕೆ 43, 1ಕ್ಕೆ 42 ಕೊಟ್ಟಿದ್ದಾರೆ. ಎರಡನೆಯವರದು 3ಕ್ಕೆ 44, 7ಕ್ಕೆ 43, 1ಕ್ಕೆ 42, 5ಕ್ಕೆ 41. ಇಬ್ಬರಿಗೂ ಹಿಡಿಸಿದ ಮಗು 3, ಅದರ ಬೆನ್ನಿಗೆ 7. ಇಬ್ಬರೂ ಪಾಠ ಹೇಳುವವರು. ಯಾವ ಮಗುವಿನ ಮುಖವೂ ಬಾಡಬಾರದೆಂದು ಒಂದೊಂದೇ ಅಂಕ ಇಳಿಸುತ್ತ ಹೋದವರು. ಮೂರನೆಯವರು ಹೊರಗಿನಿಂದ ಬಂದ ಸಂಗೀತಗಾರರು, ನಿಷ್ಠುರಿ. ಅವರ ಕಾಲಮ್ಮಿನಲ್ಲಿ 5ಕ್ಕೆ 47, 7ಕ್ಕೆ 38, 3ಕ್ಕೆ 30, 1ಕ್ಕೆ 25. ಇನ್ನು ಕೂಡಿ: 5ಕ್ಕೆ 131, 7ಕ್ಕೆ 125, 3ಕ್ಕೆ 119, 1ಕ್ಕೆ 109.

ಗೆದ್ದದ್ದು ಕೋಡ್ 5. ಒಬ್ಬ ತೀರ್ಪುಗಾರರ ಪಟ್ಟಿಯಲ್ಲಿ ಮೂರನೆಯದು, ಇನ್ನೊಬ್ಬರ ಪಟ್ಟಿಯಲ್ಲಿ ಕಟ್ಟಕಡೆಯದು. ಒಟ್ಟು ಅಂಕದ ಸಾಲನ್ನು ಇನ್ನೊಮ್ಮೆ ನೋಡಿದರೆ ಐದು, ಏಳು, ಮೂರು, ಒಂದು. ಮೂರನೆಯ ತೀರ್ಪುಗಾರರ ಸಾಲೂ ಐದು, ಏಳು, ಮೂರು, ಒಂದು. ಒಂದಕ್ಷರ ಆಚೀಚೆಯಿಲ್ಲ. ಉಳಿದಿಬ್ಬರು ಕಿವಿಗೊಟ್ಟು ಕೂತು, ಯೋಚಿಸಿ, ಬರೆದು, ರುಜು ಹಾಕಿದ್ದಕ್ಕೆ ಫಲಿತಾಂಶದಲ್ಲಿ ಜಾಗವೇ ಸಿಕ್ಕಿಲ್ಲ. ಬೀದಿಯಾಟದಲ್ಲಿ ಪುಟ್ಟ ತಮ್ಮಂದಿರನ್ನು ಸೇರಿಸಿಕೊಳ್ಳುವಾಗ ದೊಡ್ಡ ಮಕ್ಕಳು ಹೇಳುವುದುಂಟಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು. ಆ ಇಬ್ಬರು ತೀರ್ಪುಗಾರರ ಪಾಡು ಅದೇ ಆಗಿತ್ತು.

ಕಾರಣ ಹುಡುಕಲು ಹೆಚ್ಚು ಗಣಿತ ಬೇಡ. ಮೊದಲಿಬ್ಬರ ಅಂಕಗಳ ಹರವು ಮೂರೇ ಮೂರು. ಮೂರನೆಯವರ ಹರವು 22. ಕೂಡುವ ಲೆಕ್ಕದಲ್ಲಿ ಯಾರ ಹರವು ದೊಡ್ಡದೋ ಅವರ ಮಾತೇ ದೊಡ್ಡದು. ಮೆಲ್ಲಗೆ ಮಾತಾಡುವ ಇಬ್ಬರ ನಡುವೆ ಒಬ್ಬರು ಗಂಟಲು ಬಿಚ್ಚಿದ ಹಾಗೆ. ಮೇಷ್ಟ್ರ ಪೆನ್ಸಿಲ್ ಲೆಕ್ಕ ಈ ಗಂಟಲನ್ನು ತಗ್ಗಿಸುತ್ತದೆ. ಅವರು ಅಂಕಗಳನ್ನು ಬದಿಗಿಟ್ಟು ಪ್ರತಿಯೊಬ್ಬ ತೀರ್ಪುಗಾರರು ಕೊಟ್ಟ ಸ್ಥಾನವನ್ನು ಕೂಡುತ್ತಾರೆ. ಕಡಿಮೆ ಬಂದವರು ಗೆದ್ದರು. ಕೋಡ್ 3ಕ್ಕೆ ಒಂದು, ಒಂದು, ಮೂರು, ಒಟ್ಟು 5. ಕೋಡ್ 7ಕ್ಕೆ ಎರಡು ಮೂರು ಸಲ, ಒಟ್ಟು 6. ಕೋಡ್ 5ಕ್ಕೆ 8, ಕೋಡ್ 1ಕ್ಕೆ 11. ಇನ್ನೊಂದು ದಾರಿಯನ್ನೂ ಹಾಳೆಯ ಹಿಂಬದಿಯಲ್ಲಿ ಮಾಡಿಟ್ಟಿದ್ದಾರೆ: ಪ್ರತಿ ಮಗುವಿನ ಮೂರು ಅಂಕಗಳಲ್ಲಿ ಮೇಲಿನದನ್ನೂ ಕೆಳಗಿನದನ್ನೂ ಹೊಡೆದುಹಾಕಿ ನಡುವಿನದನ್ನು ಇಟ್ಟುಕೊಳ್ಳುವುದು. ಆಗಲೂ 44 ಅಂಕದೊಂದಿಗೆ ಮುಂದಿರುವುದು ಕೋಡ್ 3.

ಅಲ್ಲಿಗೆ ಕೇಳಬೇಕಾದ ಪ್ರಶ್ನೆಯೊಂದಿತ್ತು. ಆ ಮೂವರಲ್ಲಿ ಸಂಗೀತ ಬಲ್ಲವರು ಆ ನಿಷ್ಠುರಿ ಒಬ್ಬರೇ ಆಗಿದ್ದರೆ? ಶ್ರುತಿ ತಪ್ಪಿದ್ದು ಅವರ ಕಿವಿಗಷ್ಟೇ ಬಿದ್ದಿದ್ದರೆ?

‘ಹಾಗಿದ್ದರೆ ಅವರೊಬ್ಬರನ್ನೇ ಕೂರಿಸಿ. ಉಳಿದಿಬ್ಬರಿಗೆ ಕಾಫಿ ಯಾಕೆ ದಂಡ?’

ಸ್ಥಾನ ಕೂಡುವ ಈ ಲೆಕ್ಕ ಮೇಷ್ಟ್ರು ತಾವೇ ಹೊಳೆಯಿಸಿಕೊಂಡದ್ದು. ಅದಕ್ಕೊಂದು ವಂಶಾವಳಿ ಇದೆಯೆಂದು ಅವರಿಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಜಾನ್ ಶಾರ್ಲ್ ದ ಬೋರ್ದಾ ಎಂಬ ಫ್ರೆಂಚ್ ನೌಕಾಪಡೆಯ ಗಣಿತಜ್ಞ 1770ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಹೆಚ್ಚುಕಡಿಮೆ ಇದನ್ನೇ ಇಟ್ಟಿದ್ದ. ಅದೇ ಅಕಾಡೆಮಿಯ ಕೊಂಡೋರ್ಸೆ ಇದರೊಳಗಿನ ಬಿರುಕನ್ನು ಎತ್ತಿ ತೋರಿಸಿದ. ಆ ಬಿರುಕು ಊಹೆಯದಲ್ಲ. 1997ರ ಯುರೋಪಿಯನ್ ಫಿಗರ್ ಸ್ಕೇಟಿಂಗ್ ಪಂದ್ಯದಲ್ಲಿ ಕೊನೆಯಲ್ಲಿ ಆಡಿದ ಆಟಗಾರನೊಬ್ಬ, ತಾನು ಪದಕದ ಹತ್ತಿರವೂ ಸುಳಿಯದೆ, ಆಗಲೇ ಆಡಿ ಮುಗಿಸಿದ್ದ ಇಬ್ಬರ ಎರಡನೇ ಮತ್ತು ಮೂರನೇ ಸ್ಥಾನಗಳನ್ನು ಅದಲುಬದಲು ಮಾಡಿಬಿಟ್ಟ. ಅವನಿಗೆ ಸಿಕ್ಕ ಸ್ಥಾನಗಳು ಆ ಇಬ್ಬರ ಸ್ಥಾನಗಳ ನಡುವೆ ತೂರಿಕೊಂಡದ್ದೇ ಕಾರಣ. ಮುಂದಿನ ವರ್ಷ ಸ್ಕೇಟಿಂಗ್ ಒಕ್ಕೂಟ ಎಣಿಕೆಯ ಕ್ರಮವನ್ನೇ ಬದಲಿಸಿತು. ಇದನ್ನು ಹೇಳಿದಾಗ ಮೇಷ್ಟ್ರು ತಕ್ಷಣ ಒಪ್ಪಲಿಲ್ಲ. ಪೆನ್ಸಿಲ್ ತೆಗೆದು ಲೆಕ್ಕ ಹಾಕತೊಡಗಿದರು. ಹತ್ತು ನಿಮಿಷದ ಮೇಲೆ ‘ಹೌದು, ಆಗಬಹುದು’ ಎಂದು ತುಸು ಮುನಿಸಿನಿಂದಲೇ ಹೇಳಿದರು. ಅವರ ಪದ್ಧತಿಗೆ ಇನ್ನೊಂದು ಊನವೂ ಇದೆ. ಕೂದಲೆಳೆಯ ಅಂತರವೂ ಆನೆಯಷ್ಟು ಅಂತರವೂ ಅದಕ್ಕೆ ಒಂದೇ ಮೆಟ್ಟಿಲು.

ಆದರೂ ಆ ಹಾಳೆಯನ್ನು ಕಂಡವರಿಗೆ ದೊಡ್ಡ ದೊಡ್ಡ ಸ್ಪರ್ಧೆಗಳ ಸುದ್ದಿಯೂ ಬೇರೆಯಾಗಿ ಕಾಣತೊಡಗುತ್ತದೆ. ಪೋಲೆಂಡಿನ ವಾರ್ಸಾದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಶೋಪಾನ್ ಪಿಯಾನೊ ಸ್ಪರ್ಧೆಯ 2015ರ ಫೈನಲ್ಲಿನಲ್ಲಿ ಕೊರಿಯಾದ ಯುವಕ ಸಿಯೊಂಗ್‌ಜಿನ್ ಚೊ ಗೆದ್ದ. ಹತ್ತಕ್ಕೆ ಬಹುತೇಕ ತೀರ್ಪುಗಾರರು ಅವನಿಗೆ ಕೊಟ್ಟದ್ದು 9 ಅಥವಾ 10. ಫಿಲಿಪ್ ಆಂತ್ರೆಮೊಂ ಎಂಬ ಹಿರಿಯ ಫ್ರೆಂಚ್ ಪಿಯಾನೊವಾದಕರು ಕೊಟ್ಟದ್ದು 1. ಸಂಘಟಕರು ಅಂಕಪಟ್ಟಿಯನ್ನು ಬಹಿರಂಗಕ್ಕೆ ಇಟ್ಟಿದ್ದರಿಂದ ಲೋಕಕ್ಕೆಲ್ಲ ತಿಳಿಯಿತು. ಅಲ್ಲಿ ತೀರ್ಪುಗಾರರು 17 ಮಂದಿ. ಆ ‘1’ ರಾಶಿಯಲ್ಲಿ ಕರಗಿಹೋಯಿತು. ಮೂವರೇ ಕೂರುವ ನಮ್ಮ ಕ್ಲಸ್ಟರಿನಲ್ಲಾಗಿದ್ದರೆ ಆ ಹುಡುಗ ಎರಡನೇ ಸ್ಥಾನದ ಪ್ರಶಸ್ತಿ ಪತ್ರ ಹಿಡಿದು ಬಸ್ಸು ಹತ್ತುತ್ತಿದ್ದನೇನೋ. ಆ ಸ್ಪರ್ಧೆಯ ಈಚಿನ ನಿಯಮಗಳಲ್ಲಿ ಸರಾಸರಿಯಿಂದ ಬಹುದೂರ ಹೋದ ಅಂಕವನ್ನು ಒಂದು ಮಿತಿಯೊಳಕ್ಕೆ ಎಳೆದು ತರುವ ಏರ್ಪಾಡಿದೆ. ತನ್ನ ಶಿಷ್ಯ ಸ್ಪರ್ಧೆಯಲ್ಲಿದ್ದರೆ ತೀರ್ಪುಗಾರ ಆ ಶಿಷ್ಯನಿಗೆ ಅಂಕ ಹಾಕುವಂತೆಯೇ ಇಲ್ಲ. ನಮ್ಮ ಸಿಆರ್‌ಪಿ ಕಥೆ ಹೇಳುವ ಸ್ಪರ್ಧೆಯ ಮೇಡಂ ವಿಷಯದಲ್ಲಿ ಒದ್ದಾಡುತ್ತಿದ್ದದ್ದೂ ಇದೇ ನಿಯಮಕ್ಕಾಗಿ, ವಾರ್ಸಾದ ಹೆಸರು ಕೇಳದೆಯೇ.

ಶಾಲಾ ಮಕ್ಕಳ ಸ್ಪರ್ಧೆಗೆ ತೀರ್ಪು ಕೊಡುವುದು ಎಷ್ಟು ದೊಡ್ಡ ಆಡಳಿತವಾಗಬಲ್ಲದು ಎಂದು ನೋಡಬೇಕಾದರೆ ಗಡಿ ದಾಟಬೇಕು. ಕೇರಳದ ಶಾಲಾ ಕಲೋತ್ಸವ 1957ರ ಜನವರಿಯಲ್ಲಿ ಎರ್ನಾಕುಳಂನಲ್ಲಿ ಕೆಲವು ನೂರು ಮಕ್ಕಳೊಂದಿಗೆ ಶುರುವಾಯಿತು. ಮರುವರ್ಷವೇ ಹಾಡಿನಲ್ಲಿ ಯೇಸುದಾಸ್, ಮೃದಂಗದಲ್ಲಿ ಜಯಚಂದ್ರನ್ ಮೊದಲಿಗರಾದರು. ಒಬ್ಬ ಹುಡುಗ ಹಾಡಿ ಇನ್ನೊಬ್ಬ ನುಡಿಸುತ್ತಿರುವ ಆ ಫೋಟೊ ಈಗಲೂ ಪ್ರತಿ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. ಆ ದಿನ ತೀರ್ಪು ಕೊಟ್ಟವರು ಯಾರಾದರೂ ಆಗಲಿ, ಅವರ ಕಿವಿಗೊಂದು ನಮಸ್ಕಾರ. ಈಗ ಅದು ಐದು ದಿನದ ಜಾತ್ರೆ. ಜಿಲ್ಲೆ ಜಿಲ್ಲೆಗಳು 117.5 ಪವನಿನ ಚಿನ್ನದ ಕಪ್ಪಿಗಾಗಿ ಸೆಣಸುತ್ತವೆ. 2025ರಲ್ಲಿ ತಿರುವನಂತಪುರದಲ್ಲಿ ತ್ರಿಶೂರು 1008 ಅಂಕ ಗಳಿಸಿ ಕಪ್ಪು ಹೊತ್ತೊಯ್ದಿತು; ಪಾಲಕ್ಕಾಡಿಗೆ 1007.

ಕಾಸರಗೋಡಿನ ಕನ್ನಡ ಮಕ್ಕಳಿಗೆ ಇದು ಹೊರಗಿನ ಸುದ್ದಿಯಲ್ಲ. ಕನ್ನಡ ಪದ್ಯ, ಕನ್ನಡ ಭಾಷಣ, ಯಕ್ಷಗಾನ ಇವೂ ಅಲ್ಲಿ ಸ್ಪರ್ಧೆಗಳೇ. 1991ರಲ್ಲಿ ಕಾಸರಗೋಡು, 2019ರಲ್ಲಿ ಕಾಞಂಗಾಡು ಕಲೋತ್ಸವಕ್ಕೆ ಆತಿಥ್ಯ ನೀಡಿವೆ. ಯಕ್ಷಗಾನದಂಥ ಕಲೆಗೆ ತೀರ್ಪುಗಾರರನ್ನು ಹುಡುಕುವುದರಲ್ಲಿ ಒಂದು ಪೇಚಿದೆ. ಬಲ್ಲವರೇ ಕಲಿಸುವವರು, ಕಲಿಸುವವರ ಬಳಗ ಚಿಕ್ಕದು. ವೇದಿಕೆಯ ಮೇಲಿನ ಮಗುವಿನ ಹೆಜ್ಜೆ ನೋಡಿದರೆ ಅದು ಯಾರ ಮನೆಯಂಗಳದಲ್ಲಿ ಕಲಿತದ್ದೆಂದು ಎದುರು ಕೂತವರಿಗೆ ತಿಳಿದೇಬಿಡುತ್ತದೆ. ಕೋಡ್ ನಂಬರು ಶಾಲೆಯ ಹೆಸರನ್ನು ಮುಚ್ಚಬಲ್ಲದು, ಗುರುವಿನ ಮಟ್ಟನ್ನು ಮುಚ್ಚಲಾರದು. 2025ರಲ್ಲಿ ಸೇರಿಸಿದ ಆದಿವಾಸಿ ಕಲೆಗಳ ಪೈಕಿ ಕಾಸರಗೋಡಿನ ಕಡೆಯ ಮಂಗಲಂಕಳಿಯೂ ಇದೆ. ಮದುವೆಮನೆಯಲ್ಲಿ ಎಲ್ಲರೂ ಸೇರಿ ಕುಣಿಯುವ ಆಟಕ್ಕೆ ನೂರಕ್ಕೆ ಇಷ್ಟು ಎಂದು ಬರೆಯಲು ಕೂರುವವರ ಸಂಕಟ ಹೊಸದು.

ಕೇರಳ ಈ ವಿಷಯದಲ್ಲಿ ಮಾಡದ ಪ್ರಯೋಗವಿಲ್ಲ. ಅತಿ ಹೆಚ್ಚು ಗೆದ್ದವರಿಗೆ ಕೊಡುತ್ತಿದ್ದ ಕಲಾತಿಲಕ, ಕಲಾಪ್ರತಿಭಾ ಪಟ್ಟಗಳು ಮನೆಮನೆಗಳ ಹಗೆಗೆ ಕಾರಣವಾಗಿ ನಿಂತವು. ಗ್ರೇಡು ಬಂತು: ನೂರಕ್ಕೆ 80 ಮುಟ್ಟಿದರೆ ಎ, 70 ಮುಟ್ಟಿದರೆ ಬಿ, 60 ಮುಟ್ಟಿದರೆ ಸಿ. ಕೈಪಿಡಿ ತಿದ್ದಿ 2018ರಿಂದ ಒಂದು, ಎರಡು, ಮೂರು ಎಂಬ ಸ್ಥಾನಗಳನ್ನೂ ತೆಗೆದರು. ಚೀಟಿ ಎತ್ತಿ ಕೋಡ್ ಕೊಡುತ್ತಾರೆ. ತೀರ್ಪಿನ ಮೇಲೆ ಮೇಲ್ಮನವಿಯುಂಟು, ಅದಕ್ಕೆ ಠೇವಣಿಯುಂಟು; ಮೇಲ್ಮನವಿಯಿಂದ ಬಂದ ಮಗು ಮೊದಲು ಆಯ್ಕೆಯಾದ ಮಗುವನ್ನು ಮೀರಿಸಿದರೆ ಠೇವಣಿ ವಾಪಸ್. ಅದಕ್ಕಾಗಿ ಜನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುತ್ತಾರೆ. 2018ರ ತ್ರಿಶೂರು ಕಲೋತ್ಸವದ ಹೊತ್ತಿಗೆ ಮಕ್ಕಳ ಹಕ್ಕು ಆಯೋಗದ ಹೆಸರಿನಲ್ಲಿ ನಕಲಿ ಮೇಲ್ಮನವಿ ಆದೇಶಗಳೇ ತಯಾರಾಗಿ ಪೊಲೀಸರು ಬರಬೇಕಾಯಿತು. ಅದೇ ವರ್ಷದ ಕೊನೆಗೆ ಆಲಪ್ಪುಳದಲ್ಲಿ, ಕೃತಿಚೌರ್ಯದ ವಿವಾದದಲ್ಲಿದ್ದ ಬರಹಗಾರರೊಬ್ಬರು ಪ್ರಬಂಧ ಸ್ಪರ್ಧೆಯ ತೀರ್ಪುಗಾರರಾಗಿದ್ದರೆಂದು ಗದ್ದಲವೆದ್ದು, ಪ್ರಬಂಧಗಳನ್ನೆಲ್ಲ ಮತ್ತೆ ಓದಿಸಿದರು.

ಇಷ್ಟೆಲ್ಲ ಕಾವಲಿನ ನಡುವೆಯೂ ಮೂವರ ಅಂಕವನ್ನು ಕೂಡುವುದು ಕೂಡುವುದೇ. ಮೇಷ್ಟ್ರ ಹಾಳೆಯನ್ನು ಕೇರಳದ ಗ್ರೇಡಿಗೆ ಹಿಡಿದು ನೋಡಿದರೆ ಮೈ ಜುಮ್ಮೆನ್ನುತ್ತದೆ. ಒಟ್ಟು 150ಕ್ಕೆ 120 ಬಂದರೆ ಎ ಗ್ರೇಡು. ಇಬ್ಬರು ತೀರ್ಪುಗಾರರು ಮೊದಲನೆಯದೆಂದು ಆರಿಸಿದ ಕೋಡ್ 3ಕ್ಕೆ ಬಂದದ್ದು 119. ಬಿ.

ತೀರ್ಪು ಸರಿಯಿಲ್ಲ ಎಂದಾಗ ಮೊದಲು ತೀರ್ಪುಗಾರರ ಜೇಬಿಗೆ ಕೈಹಾಕುವುದು ಈಗ ರೂಢಿಯಾಗಿದೆ. ಲಂಚ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಲಂಚವನ್ನೇ ಹುಡುಕುವವರಿಗೆ ಬೇರೇನೂ ಕಾಣುವುದಿಲ್ಲ. 2024ರ ಮಾರ್ಚಿನಲ್ಲಿ ಕೇರಳ ವಿಶ್ವವಿದ್ಯಾಲಯದ ಯುವಜನೋತ್ಸವದಲ್ಲಿ ಮಾರ್ಗಂಕಳಿ ಎಂಬ ಕುಣಿತದ ಸ್ಪರ್ಧೆಗೆ ಹಣ ಪಡೆದು ತೀರ್ಪು ಕೊಟ್ಟರೆಂಬ ಆರೋಪ ಎದ್ದಿತು. ಉತ್ಸವವೇ ನಿಂತಿತು. ಆರೋಪಕ್ಕೆ ಗುರಿಯಾದ ತೀರ್ಪುಗಾರರೊಬ್ಬರು ಕೆಲವೇ ದಿನಗಳಲ್ಲಿ ಕಣ್ಣೂರಿನ ತಮ್ಮ ಮನೆಯಲ್ಲಿ ಸತ್ತಿದ್ದರು. ತಾನು ತಪ್ಪು ಮಾಡಿಲ್ಲವೆಂದು ಚೀಟಿ ಬರೆದಿಟ್ಟಿದ್ದರು. ಜಗಲಿಯಲ್ಲಿ ಈ ಸುದ್ದಿ ಮಾತಿಗೆ ಬಂದಾಗ ಮೇಷ್ಟ್ರು ಹಾಳೆಯನ್ನು ಮಡಿಸಿ ಡಬ್ಬಿಗೆ ಸೇರಿಸಿದರು. ತುಸು ಹೊತ್ತು ಯಾರೂ ಮಾತಾಡಲಿಲ್ಲ.

ಅಷ್ಟರಲ್ಲಿ ಬಸ್ಸು ತಪ್ಪಿದ್ದ ತೀರ್ಪುಗಾರರು ಯಾರದೋ ಬೈಕಿನ ಹಿಂದೆ ಕೂತು ಬಂದಿಳಿದರು. ಸ್ಪರ್ಧೆಗೆ ಮುಂಚೆ ಮೂವರನ್ನೂ ಒಂದೆಡೆ ಕೂರಿಸಿ ಐದು ನಿಮಿಷ ಮಾತಾಡುವುದು ಮೇಷ್ಟ್ರ ಷರತ್ತು. ಅವರು ಹೇಳುವುದು ಸುಲಭದ್ದೇ. ‘ಕೊನೆಯ ಮಗು ಹಾಡುವ ತನಕ ಪೆನ್ಸಿಲ್. ಆಮೇಲೆ ನಿಮ್ಮ ಮನಸ್ಸಿಗೆ ಎಲ್ಲರಿಗಿಂತ ಚೆನ್ನಾಗಿ ಕಂಡವರಿಗೆ 45, ಕಡೆಯವರಿಗೆ 30, ಉಳಿದವರನ್ನು ನಡುವೆ ಹರಡಿ. ಮೇಡಂ, ನೀವು ತೀರಾ ಮುದುಡಬೇಡಿ. ಸರ್, ನೀವು ತೀರಾ ಹಿಗ್ಗಬೇಡಿ.’ ಹರವು ಮೂವರಿಗೂ ಒಂದೇ ಆದರೆ, ಕೂಡಿದರೂ ಅಷ್ಟು ಅಪಾಯವಿಲ್ಲ. ಇಲಾಖೆಯ ನಮೂನೆಯಲ್ಲಿ ಇರುವುದು ‘ಒಟ್ಟು’ ಕಾಲಂ ಒಂದೇ. ನಮೂನೆ ಬದಲಿಸುವುದು ಮೇಷ್ಟ್ರ ಕೈಯಲ್ಲಿಲ್ಲ. ಹಾಗಾಗಿ ಈ ಉಪಾಯ.

ಚೀಟಿ ಎತ್ತಿಸಿ ಕೋಡ್ ಕೊಟ್ಟಾಯಿತು. ಮೈಕಿನ ಮುಂದೆ ನಿಂತ ಮಗು ರೂಢಿಯಂತೆ ‘ನನ್ನ ಹೆಸರು...’ ಎಂದು ಬಾಯಿ ತೆರೆದೊಡನೆ ಮೂರು ಕೈಗಳು ಮೇಲೆದ್ದವು. ‘ಹೆಸರು ಬೇಡ ಪುಟ್ಟಾ, ನಂಬರ್ ಹೇಳು.’ ಆದರೆ ಹೆಸರು ಮುಚ್ಚಿದರೆ ಮುಗಿಯಿತೇ? ಸರ್ಕಾರಿ ಶಾಲೆಗಳ ಸಮವಸ್ತ್ರ ರಾಜ್ಯಕ್ಕೆಲ್ಲ ಒಂದೇ. ಖಾಸಗಿ ಶಾಲೆಯವರದು ಟೈ, ಬೆಲ್ಟು, ಬೇರೆ ಬಣ್ಣ. ಕೋಡ್ ನಂಬರಿನಿಂದ ಒಂದು ಸರ್ಕಾರಿ ಶಾಲೆಗೂ ಇನ್ನೊಂದು ಸರ್ಕಾರಿ ಶಾಲೆಗೂ ನಡುವಿನ ಗುರುತು ಅಳಿಸಬಹುದಷ್ಟೆ. ಬೆಲ್ಟಿನ ಹೊಳಪು ಉಳಿದೇ ಇರುತ್ತದೆ.

ಅಮೆರಿಕದ ವಾದ್ಯವೃಂದಗಳು ಇದಕ್ಕೆ ಪರದೆ ಕಟ್ಟಿದವು. ವಾದಕರನ್ನು ಆಯ್ಕೆ ಮಾಡುವಾಗ ಪರದೆಯ ಹಿಂದೆ ನುಡಿಸಲು ಹೇಳಿ, ಹಿಮ್ಮಡಿಯ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯಬಾರದೆಂದು ನೆಲಕ್ಕೆ ಜಮಖಾನೆಯನ್ನೂ ಹಾಸಿದವು. ಕ್ಲಾಡಿಯಾ ಗೋಲ್ಡಿನ್ ಮತ್ತು ಸೆಸಿಲಿಯಾ ರೌಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರದೆ ಬಂದ ಮೇಲೆ ಮಹಿಳೆಯರಿಗೆ ದಾರಿ ಸಲೀಸಾದದ್ದನ್ನು ಕಾಣಿಸಿದ್ದರು. ಅವರ ಅಂಕಿಅಂಶ ಎಷ್ಟು ಗಟ್ಟಿ ಎಂಬ ತಕರಾರೂ ಆಮೇಲೆ ಬಂತು. ಕಣ್ಣು ಕಿವಿಯನ್ನು ಆಳುತ್ತದೆ ಎನ್ನುವುದಕ್ಕೆ ಇನ್ನೂ ತಮಾಷೆಯ ಸಾಕ್ಷಿ ಚಿಯಾ ಜುಂಗ್ ತ್ಸೇ ಅವರ 2013ರ ಪ್ರಯೋಗ. ಸಂಗೀತ ಸ್ಪರ್ಧೆಯ ದೃಶ್ಯವನ್ನು ಸದ್ದಿಲ್ಲದೆ ನೋಡಿದವರು ಗೆದ್ದವರನ್ನು ಗುರುತಿಸಿದಷ್ಟು ಚೆನ್ನಾಗಿ, ಬರಿಯ ಸದ್ದನ್ನು ಕೇಳಿದವರು ಗುರುತಿಸಲಿಲ್ಲ. ಮೇಷ್ಟ್ರು ಸೇವೆಯಲ್ಲಿದ್ದಾಗ ಭಾವಗೀತೆ ಸ್ಪರ್ಧೆಯಲ್ಲಿ ಪರದೆಗೆ ಕಾಸಿಲ್ಲದೆ ತೀರ್ಪುಗಾರರನ್ನೇ ಗೋಡೆಗೆ ಮುಖ ಮಾಡಿ ಕೂರಿಸಿದ್ದರಂತೆ. ಬೆನ್ನು ತೋರಿಸಿಕೊಂಡು ಕೂತ ಮೂವರು ದೊಡ್ಡವರನ್ನು ಕಂಡು ಮಕ್ಕಳಿಗೆ ನಗು ತಡೆಯದೆ, ಯಾರಿಗೂ ಎರಡನೇ ಚರಣ ದಾಟಲಾಗಲಿಲ್ಲ. ಆ ಪ್ರಯೋಗ ಅಲ್ಲಿಗೇ ನಿಂತಿತು. ಅಭಿನಯ ಗೀತೆಗಂತೂ ಗೋಡೆ ನೋಡಿ ಅಂಕ ಕೊಡಲು ಬರುವುದಿಲ್ಲ.

ಆ ದಿನ ಮೇಷ್ಟ್ರು ಮಾಡಿದ ಕೊನೆಯ ಏರ್ಪಾಡೇ ಎಲ್ಲಕ್ಕಿಂತ ಚೆಂದದ್ದು. ಮೊದಲು ಹಾಡುವ ಮಗುವಿಗೆ ಪೆಟ್ಟು ಬೀಳುತ್ತದೆ ಎನ್ನುವುದು ಪ್ರತಿ ಶಾಲೆಯ ಮೇಷ್ಟ್ರಿಗೂ ಗೊತ್ತು. ಚೀಟಿಯಲ್ಲಿ ಒಂದು ಬಂದರೆ ಮಗುವಿನ ಜೊತೆ ಅವರ ಮುಖವೂ ಸಪ್ಪಗಾಗುತ್ತದೆ. ಮುಂದೆ ಇನ್ನೂ ಒಳ್ಳೆಯವರು ಬರಬಹುದೆಂದು ತೀರ್ಪುಗಾರರ ಪೆನ್ನು ಜಿಪುಣವಾಗಿರುತ್ತದೆ. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಫೈನಲ್ಲಿನ 12 ಮಂದಿ ಆರು ದಿನ ಸಂಜೆ ಇಬ್ಬಿಬ್ಬರಂತೆ ನುಡಿಸುತ್ತಿದ್ದರು. ಯಾರು ಯಾವಾಗ ಎನ್ನುವುದು ಚೀಟಿಯಿಂದ ತೀರ್ಮಾನ. ವಿಕ್ಟರ್ ಗಿನ್ಸ್‌ಬರ್ಗ್ ಮತ್ತು ಸಂಗಡಿಗರು ವರ್ಷಗಳ ಫಲಿತಾಂಶ ಜಾಲಾಡಿದಾಗ ಮೊದಲ ದಿನ ನುಡಿಸಿದವರಿಗೆ ನಷ್ಟ, ಕೊನೆಕೊನೆಗೆ ನುಡಿಸಿದವರಿಗೆ ಲಾಭ ಎಂದು ಕಂಡಿತು. ಎತ್ತಿದ ಚೀಟಿಗೂ ಬೆರಳಿನ ಚಳಕಕ್ಕೂ ಸಂಬಂಧವಿಲ್ಲ. ಆದರೂ ಫಲಿತಾಂಶದಲ್ಲಿ ಅದರ ನೆರಳು ಬಿದ್ದಿತ್ತು. ಚೀಟಿ ಎತ್ತಿಸಿದರೆ ನ್ಯಾಯವಾಯಿತು ಎಂದು ನಾವು ತಿಳಿಯುತ್ತೇವೆ. ಚೀಟಿಯಿಂದ ಪಕ್ಷಪಾತ ದೂರವಾಗುತ್ತದೆ ನಿಜ, ದುರದೃಷ್ಟ ಮಾತ್ರ ಯಾರಾದರೊಬ್ಬರ ಪಾಲಿಗೆ ಬಂದೇ ತೀರುತ್ತದೆ.

ಮೇಷ್ಟ್ರು ಆ ಪಾಲನ್ನು ಸ್ಪರ್ಧೆಯಿಂದಲೇ ಹೊರಗಿಟ್ಟರು. ಆತಿಥೇಯ ಶಾಲೆಯ ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ಎಲ್ಲರಿಗಿಂತ ಮೊದಲು ಹಾಡಿಸಿದರು. ಅವಳ ಕೋಡ್ ಸೊನ್ನೆ. ತೀರ್ಪುಗಾರರು ಅವಳ ಹಾಡಿಗೆ ಅಂಕ ಹಾಕಿ, ಮೂವರೂ ಹಾಳೆ ತೋರಿಸಿಕೊಂಡು, ‘ನೀವು ಅಭಿನಯಕ್ಕೆ ಇಷ್ಟು ಕೊಟ್ಟಿರಾ?’, ‘ನೀವು ರಾಗಕ್ಕೆ ಇಷ್ಟು ಕಳೆದಿರಾ?’ ಎಂದು ಮಾತಾಡಿಕೊಂಡು, ಆಮೇಲೆ ಆ ಹಾಳೆಯನ್ನು ಹರಿಯಬೇಕು. ಪೆನ್ನಿನ ಜಿಪುಣತನ, ಎದುರಿನವರ ಹರವು ಎಲ್ಲ ಆ ಹಾಳೆಯಲ್ಲೇ ಗೊತ್ತಾಗಿಬಿಡುತ್ತದೆ. ಹುಡುಗಿಗೆ ಮೊದಲೇ ಹೇಳಿದ್ದರು, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು. ಅವಳು ತಲೆಯಾಡಿಸಿದ್ದಳು. ಲಂಗದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ತಿರುಗಿಸಿ, ಮಳೆ ಬಂದದ್ದಕ್ಕೆ ಕಪ್ಪೆಯಂತೆ ಕುಪ್ಪಳಿಸಿ, ಲೆಕ್ಕಕ್ಕಿದ್ದವರೆಲ್ಲರಿಗಿಂತ ಜೋರಾಗಿ ಹಾಡಿದಳು. ಹಾಳೆ ಹರಿಯುವಾಗ ತೀರ್ಪುಗಾರರೊಬ್ಬರ ಕೈ ಸ್ವಲ್ಪ ತಡೆಯಿತು.

ಮಣ್ಣಿನ ಮಾದರಿಯ ಕಡೆ ಇಷ್ಟು ತಾಪತ್ರಯವಿರಲಿಲ್ಲ. ಅಲ್ಲಿ ಕೊಟ್ಟ ವಿಷಯ ಎತ್ತು. ಹದಿನಾಲ್ಕು ಎತ್ತುಗಳು ಸಾಲಾಗಿ ಹಲಗೆಯ ಮೇಲೆ ನಿಂತಿದ್ದವು, ಕೆಲವು ಮಲಗಿದ್ದವು. ಎಲ್ಲವೂ ಒಟ್ಟಿಗೆ ಕಣ್ಣೆದುರಿಗಿರುವಾಗ ಮೊದಲನೆಯದು, ಕೊನೆಯದು ಎಂಬ ಸಮಸ್ಯೆಯಿಲ್ಲ. ಎರಡು ಸುತ್ತು ಬಂದು ನೋಡಬಹುದು. ಒಂದು ಎತ್ತಿಗೆ ಹಿಣಿಲು ಇರಲಿಲ್ಲ, ಕೆಚ್ಚಲು ಇತ್ತು. ಮಾಡಿದ ಹುಡುಗನ ಮನೆಯಲ್ಲಿರುವುದು ಸೀಮೆ ಹಸು ಒಂದೇ ಎಂದು ಅವನ ಮೇಷ್ಟ್ರು ವಾದಕ್ಕೆ ನಿಂತರು. ಗೊರಸು ಮಾತ್ರ ಎಂಥ ಗೊರಸು! ತೀರ್ಪುಗಾರರು ಆ ಎತ್ತಿನ ಮುಂದೆ ಬಹಳ ಹೊತ್ತು ಕುಕ್ಕುರುಗಾಲಲ್ಲಿ ಕೂತಿದ್ದರು.

ಸಂಜೆ ನಾಲ್ಕಕ್ಕೆ ಅಭಿನಯ ಗೀತೆಯ ಅಂಕಪಟ್ಟಿಗೆ ರುಜು ಬಿದ್ದವು. ಮೇಷ್ಟ್ರು ಅಂಚಿನಲ್ಲಿ ಪೆನ್ಸಿಲಿನಿಂದ ಸ್ಥಾನಗಳನ್ನೂ ಕೂಡಿ ನೋಡಿದರು. ನೀಲಿ ಲೆಕ್ಕವೂ ಪೆನ್ಸಿಲ್ ಲೆಕ್ಕವೂ ಒಂದೇ ಮಗುವನ್ನು ತೋರಿಸಿದವು. ಅವರಿಗೆ ಸಮಾಧಾನಕ್ಕಿಂತ ಕೊಂಚ ನಿರಾಸೆಯೇ ಆದಂತಿತ್ತು. ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಅಳಿಸಿ, ಹಾಳೆಯನ್ನು ಸಿಆರ್‌ಪಿ ಕೈಗೆ ಕೊಟ್ಟರು.

ಬಹುಮಾನ ಹಂಚುವಾಗ ಕೋಡ್ ಸೊನ್ನೆಯ ಹುಡುಗಿ ಗೆದ್ದವರ ಸಾಲಿನ ತುದಿಯಲ್ಲಿ ಬಂದು ನಿಂತಳು. ತಾಲ್ಲೂಕಿಗೆ ಯಾವಾಗ ಹೋಗುವುದೆಂದು ಪಕ್ಕದವಳನ್ನು ಕೇಳುತ್ತಿದ್ದಳು. ಮುಖ್ಯ ಶಿಕ್ಷಕರು ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಶಾಮಿಯಾನದ ಕಡೆ ನೋಡಿದರು. ಕೊನೆಗೆ ಮುಖ್ಯ ಶಿಕ್ಷಕರು ತಮ್ಮ ಜೇಬಿನ ಪೆನ್ನನ್ನೇ ತೆಗೆದು ಅವಳಿಗೆ ಕೊಟ್ಟು ಚಪ್ಪಾಳೆ ಹೊಡೆಸಿದರು. ಅವಳು ವೇದಿಕೆ ಇಳಿಯುವ ಮೊದಲೇ ಮುಚ್ಚಳ ತೆಗೆದು, ಇಂಕು ನೀಲಿಯೋ ಕಪ್ಪೋ ಎಂದು ಅಂಗೈಯ ಮೇಲೆ ಗೀಚಿ ನೋಡುತ್ತಿದ್ದಳು.